ರಜೆ ದಿನದ ಮಾತ್ರೆ

ಬಸ್ಸು ಹತ್ತಿದವರಿಗೆಲ್ಲ ಆಕೆ ಕಂಡಕ್ಟರಮ್ಮ. ಡಿಪೋದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ದೊಡ್ಡಕ್ಕ. ಮನೆಯಲ್ಲಿ ಗಂಡ ‘ಇವಳೇ’ ಎಂದು ಕರೆದರೆ, ಅತ್ತೆ ಸಿಟ್ಟು ಬಂದಾಗ ‘ಸೀಟಿ ಊದೋಳು’ ಎನ್ನುತ್ತಿದ್ದರು. ಗಟ್ಟಿಮುಟ್ಟಾದ ಹೆಂಗಸು. ಬಸ್ಸು ಎಷ್ಟೇ ಕಿಕ್ಕಿರಿದಿರಲಿ, ಹಿಂದಿನ ಬಾಗಿಲಿನಿಂದ ಮುಂದಿನ ಸೀಟಿನವರೆಗೆ ಯಾರ ಕಾಲನ್ನೂ ತುಳಿಯದೆ ಹೋಗಿ ಬರುತ್ತಿದ್ದಳು. ಕೈ ಒಬ್ಬರಿಗೆ ಟಿಕೆಟ್ ಕೊಡುತ್ತಿದ್ದರೆ ಬಾಯಿ ಇನ್ನೊಬ್ಬರ ಜೊತೆ ಜಗಳದಲ್ಲಿರುತ್ತಿತ್ತು, ಕಣ್ಣು ಬಾಗಿಲಲ್ಲಿ ಜೋತುಬಿದ್ದವರ ಮೇಲಿರುತ್ತಿತ್ತು.

“ಒಳಗೆ ಬನ್ರಪ್ಪಾ, ಬಾಗಿಲಿಗೆ ಬಾವಲಿ ಥರ ನೇತಾಡ್ಬೇಡಿ.”

“ಒಳಗೆ ಜಾಗ ಎಲ್ಲಿದೆ ಕಂಡಕ್ಟರಮ್ಮ?”

“ನಾನೇ ಹಿಡಿಸಿದ್ದೀನಿ, ಕಡ್ಡಿ ಪೈಲ್ವಾನ್ ನೀನು, ನಿನಗೆ ಹಿಡಿಸಲ್ವಾ?”

ಬಸ್ಸು ಓಡಿಸುವವನಿಗೆ ಬ್ರೇಕಣ್ಣ ಎಂದು ಹೆಸರಿಟ್ಟವಳೂ ಆಕೆಯೇ. ಅವನು ಬ್ರೇಕು ಒತ್ತಿದರೆ ಹಿಂದಿನ ಸೀಟಿನವರು ಮುಂದಿನ ಸೀಟಿಗೆ ಬಂದು ಬೀಳಬೇಕು, ಹಾಗೆ. “ಅಣ್ಣಾ, ಬಸ್ಸಲ್ಲಿರೋದು ಜನ, ಆಲೂಗಡ್ಡೆ ಮೂಟೆ ಅಲ್ಲ” ಎಂದು ಆಕೆ ಕೂಗಿದರೆ, “ಅಲ್ಲಾಡಿಸಿದ್ರೇನೇ ತಾಯಿ ಜಾಗ ಆಗೋದು, ಅಕ್ಕಿ ಡಬ್ಬ ಕುಟ್ಟಲ್ವಾ?” ಎಂದು ಅವನು ಕನ್ನಡಿಯಲ್ಲೇ ನಗುತ್ತಿದ್ದ.

ಅವರ ಮಾರ್ಗ ಉದ್ದನೆಯದು. ಡಿಪೋ ಬಿಟ್ಟು, ಊರೊಳಗಿನ ಗಿಜಿಗಿಜಿ ದಾಟಿ, ಕಾರ್ಖಾನೆಗಳ ಉದ್ದನೆಯ ಗೋಡೆಗಳ ಪಕ್ಕದಲ್ಲಿ ಸಾಗಿ, ಊರಾಚೆಯ ಒಂದು ಬಯಲಿನಲ್ಲಿ ಬಸ್ಸು ತಿರುಗುತ್ತಿತ್ತು. ಆ ಬಯಲೇ ಕೊನೆಯ ನಿಲ್ದಾಣ. ಅಲ್ಲೊಂದು ಟೀ ಗಾಡಿ, ಒಂದು ಮುರಿದ ಬೆಂಚು, ಒಂದು ಮೋಟು ಗೋಡೆ. ಗಂಡಸರಿಗೆ ಆ ಗೋಡೆ ಸಾಕು. ಹೆಂಗಸರಿಗೆ ಅಲ್ಲಿ ಏನೂ ಇರಲಿಲ್ಲ. ಹೋಗಿ ಬಂದು, ಮತ್ತೆ ಹೋಗಿ ಬಂದು ಡಿಪೋದ ಗೇಟು ಸೇರುವ ತನಕ ಹೆಣ್ಣು ಕಂಡಕ್ಟರುಗಳಿಗೆ ಮೂತ್ರಕ್ಕೆ ಹೋಗಲು ಜಾಗವಿಲ್ಲ. ಅದಕ್ಕೆ ಅವರೇ ಒಂದು ದಾರಿ ಮಾಡಿಕೊಂಡಿದ್ದರು. ಬೆಳಿಗ್ಗೆ ಎದ್ದ ಮೇಲೆ ನೀರು ಮುಟ್ಟುವುದಿಲ್ಲ, ಡ್ಯೂಟಿ ಇಳಿಯುವವರೆಗೆ ಕುಡಿಯುವುದಿಲ್ಲ. ಬಾಯಿ ಒಣಗಿದರೆ ಒಂದು ಏಲಕ್ಕಿ, ತಲೆ ಬಿಸಿಯಾದರೆ ಕತ್ತಿನ ಮೇಲೆ ಒದ್ದೆ ಕರವಸ್ತ್ರ. ಇದಕ್ಕೆ ಅವರಿಟ್ಟ ಹೆಸರು ಒಣ ಡ್ಯೂಟಿ. ಹೊಸಬರಿಗೆ ಟಿಕೆಟ್ ಮಷೀನಿನ ಗುಂಡಿಗಳನ್ನು ಕಲಿಸುವ ಮೊದಲೇ ದೊಡ್ಡಕ್ಕ ಒಣ ಡ್ಯೂಟಿ ಕಲಿಸುತ್ತಿದ್ದಳು. ಕೆಲಸ ಉಳಿಸಿಕೊಳ್ಳುವ ವಿದ್ಯೆ ಅದು ಎಂದೇ ಆಕೆ ನಂಬಿದ್ದಳು.

ಬಿಪಿ ಸಿಕ್ಕಿದ್ದು ಡಿಪೋದಲ್ಲಿ ನಡೆದ ಆರೋಗ್ಯ ತಪಾಸಣೆಯಲ್ಲಿ. ಅಳೆದ ನರ್ಸು ಮೀಟರನ್ನು ಒಮ್ಮೆ ತಟ್ಟಿ ಮತ್ತೆ ಅಳೆದಳು. “ಮಷೀನೇ ಕೆಟ್ಟಿದೆಯೇನೋ ನೋಡಮ್ಮ” ಎಂದು ಕಂಡಕ್ಟರಮ್ಮ ನಕ್ಕಳು. ಮಷೀನು ಸರಿಯಾಗಿಯೇ ಇತ್ತು. ಆಗ ಆಕೆಯ ನಗು ಅರ್ಧಕ್ಕೆ ನಿಂತಿತು. ಏಕೆಂದರೆ ಆಕೆಯ ಅಣ್ಣ ಸತ್ತದ್ದು ಇದರಿಂದಲೇ. ಬಿಪಿ ಇದೆ ಎಂದು ಗೊತ್ತಿದ್ದೂ ನಿರ್ಲಕ್ಷ್ಯ ಮಾಡಿದ. ಮೂತ್ರಪಿಂಡ ಎರಡೂ ಹೋದವು. ಕೊನೆಯ ಕಾಲದಲ್ಲಿ ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಷೀನಿನ ಪಕ್ಕ ಮಲಗಿ ಬರುತ್ತಿದ್ದ, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. “ನಾನು ಬದುಕಿಲ್ಲ ಕಣೇ, ಮಷೀನು ಬದುಕಿದೆ, ನಾನು ಅದರ ಜೊತೆ ಇದ್ದೀನಿ” ಎಂದಿದ್ದ. ಆ ಮಾತು ಆಕೆಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು. ಏನಾದರೂ ಆಗಲಿ, ಆ ಮಂಚಕ್ಕೆ ಮಾತ್ರ ತಾನು ಹೋಗಕೂಡದು. ಇದೊಂದೇ ಆಕೆಯ ಹರಕೆ.

ಹಾಗಾಗಿ ಆಕೆ ವೈದ್ಯರ ಬಳಿ ಹೋಗುವುದನ್ನು ತಪ್ಪಿಸಲಿಲ್ಲ. ಸಾರಿಗೆ ನೌಕರರಿಗೆಂದು ಇದ್ದ ಕ್ಲಿನಿಕ್ಕಿನಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು. ಮೊದಲು ಒಂದು ಮಾತ್ರೆ ಕೊಟ್ಟರು. ಬಿಪಿ ಸ್ವಲ್ಪ ಇಳಿಯಿತು, ಸಾಲಲಿಲ್ಲ. ಆಮೇಲೆ ಅದರ ಜೊತೆಗೆ, ಎರಡು ಔಷಧ ಒಂದೇ ಗುಳಿಗೆಯಲ್ಲಿ ಸೇರಿಸಿದ್ದನ್ನು ಕೊಟ್ಟರು.

“ಇದರಲ್ಲಿ ಒಂದು ಔಷಧ ಕಿಡ್ನಿಯನ್ನೂ ಕಾಯುತ್ತೆ ಅಮ್ಮ. ಇನ್ನೊಂದು ನೀರಿನ ಮಾತ್ರೆ. ಮೈಯಲ್ಲಿರೋ ಹೆಚ್ಚಿನ ಉಪ್ಪು, ನೀರನ್ನ ಹೊರಗೆ ಹಾಕುತ್ತೆ. ಬೆಳಿಗ್ಗೆ ತಗೊಳ್ಳಿ. ಎರಡು ಮೂರು ಸಲ ಜಾಸ್ತಿ ಮೂತ್ರಕ್ಕೆ ಹೋಗಬೇಕಾಗುತ್ತೆ, ಅಷ್ಟೇ.”

ಅಷ್ಟೇ! ಆಕೆ ತಲೆಯಾಡಿಸಿ ಬಂದಳು.

ಮೊದಲ ದಿನ ಆ ಗುಳಿಗೆ ನುಂಗಿ ಡ್ಯೂಟಿಗೆ ಹೋದಳು. ಕಾರ್ಖಾನೆ ಗೋಡೆಯ ಹತ್ತಿರ ಲಾರಿಯೊಂದು ಅಡ್ಡ ನಿಂತು ರಸ್ತೆ ಕಟ್ಟಿತ್ತು. ಬಸ್ಸು ಮುಂದಕ್ಕೂ ಹೋಗದು, ಹಿಂದಕ್ಕೂ ಹೋಗದು. ಆಕೆ ಕಂಬಿ ಹಿಡಿದು, ಹಲ್ಲು ಕಚ್ಚಿ, ಕಾಲು ಬದಲಿಸುತ್ತ ನಿಂತಳು. ಬೆವರು ಕಣ್ಣಿಗಿಳಿಯಿತು. ದಾರಿ ಬಿಟ್ಟ ಕೂಡಲೇ ಒಂದು ಪೆಟ್ರೋಲ್ ಬಂಕಿನ ಎದುರು ಸೀಟಿ ಊದಿ ಬಸ್ಸು ನಿಲ್ಲಿಸಿ ಇಳಿದು ಓಡಿದಳು. ವಾಪಸು ಬಂದಾಗ ಬಸ್ಸಿನ ತುಂಬ ಗಲಾಟೆ. “ನಮಗೆ ಟೈಮಿಲ್ವಾ? ಇದೇನು ನಿಮ್ಮ ಮನೆ ಬಸ್ಸಾ?” ಎಂದು ಒಬ್ಬ ಟೈ ಕಟ್ಟಿದವನು ಕೂಗುತ್ತಿದ್ದ. ಅವನೇ ದೂರು ಕೊಟ್ಟನೋ ಬೇರೆಯವರೋ, ಡಿಪೋದಲ್ಲಿ ಆಕೆಯ ಕೈಗೆ ಮೆಮೊ ಬಂತು. ಮಾರ್ಗಮಧ್ಯೆ ಅನಧಿಕೃತವಾಗಿ ಬಸ್ಸು ನಿಲ್ಲಿಸಿದ್ದಕ್ಕೆ ಕಾರಣ ತಿಳಿಸಿ ಎಂದಿತ್ತು. ಆಕೆ ‘ದೇಹಬಾಧೆ’ ಎಂದು ಬರೆದುಕೊಟ್ಟಳು. ಅದನ್ನು ಗುಮಾಸ್ತ ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿದ. ಯಾರೋ ಕಿಸಕ್ಕೆಂದರು. ಬಸ್ಸಿನಲ್ಲಿ ನೂರು ಜನರ ಬಾಯಿ ಮುಚ್ಚಿಸುವ ಹೆಂಗಸು ಅಂದು ತಲೆ ತಗ್ಗಿಸಿ ಹೊರಗೆ ಬಂದಳು.

ಅಂದಿನಿಂದ ಆ ಗುಳಿಗೆ ವಾರದ ರಜೆಗೆ ಮೀಸಲಾಯಿತು. ಡ್ಯೂಟಿಯ ದಿನ ಮೊದಲನೆಯ ಮಾತ್ರೆ ಒಂದೇ. ರಜೆಯ ದಿನ, ಬಚ್ಚಲು ಹತ್ತಿರವಿರುವಾಗ, ಎಲ್ಲವೂ. ಪೂರ್ತಿ ಬಿಟ್ಟಿಲ್ಲವಲ್ಲ ಎಂದು ಆಕೆ ಸಮಾಧಾನ ಮಾಡಿಕೊಂಡಳು.

ಡಾಕ್ಟರು ತಿಂಗಳು ತಿಂಗಳು ಅಳೆದರು. ಬಿಪಿ ಇಳಿಯಲಿಲ್ಲ.

“ಮಾತ್ರೆ ಎಲ್ಲ ತಗೊಳ್ತಿದ್ದೀರಾ ಅಮ್ಮ?”

“ಹೂಂ ಡಾಕ್ಟ್ರೇ.”

ಬೇರೆ ಏನು ಹೇಳುವುದು? ಮಗನ ವಯಸ್ಸಿನ ಹುಡುಗ. ಅವನ ಮುಂದೆ ಕೂತು, ನನಗೆ ಹೋಗೋಕೆ ಜಾಗ ಇಲ್ಲ ಕಣಪ್ಪ ಎಂದು ಹೇಗೆ ಹೇಳುವುದು? ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಾದಳು. ಡಾಕ್ಟರು ಗುಳಿಗೆಯ ಪ್ರಮಾಣ ಹೆಚ್ಚಿಸಿದರು. ಆಮೇಲೆ, “ನಿಮ್ಮದು ಮೊಂಡು ಬಿಪಿ ಅಮ್ಮ, ಮೂರು ಔಷಧಕ್ಕೂ ಬಗ್ಗಲ್ಲ ಅಂತಿದೆ” ಎಂದು ನಾಲ್ಕನೆಯದನ್ನು ಸೇರಿಸಿದರು. ಅದೂ ನೀರಿನ ಜಾತಿಯದೇ. ಅದೂ ರಜೆಯ ದಿನದ ಪಾಲಾಯಿತು.

ಆ ಡಾಕ್ಟರು ಬೇಜವಾಬ್ದಾರಿಯ ಮನುಷ್ಯನೇನಲ್ಲ. “ಇಷ್ಟು ಔಷಧ ಒಟ್ಟಿಗೆ ಕೊಡುವಾಗ ಕಿಡ್ನಿ ಕಡೆ ಕಣ್ಣಿಡಬೇಕು. ರಕ್ತದಲ್ಲಿ ಕ್ರಿಯಾಟಿನಿನ್ ಅಂತ ಒಂದು ಕಸ ಇರುತ್ತೆ, ಕಿಡ್ನಿ ಸರಿಯಾಗಿ ಸೋಸದಿದ್ದರೆ ಅದು ಏರುತ್ತೆ. ಶುರುವಿನಲ್ಲಿ ಸ್ವಲ್ಪ ಏರಿದರೆ ಪರವಾಗಿಲ್ಲ, ಜಾಸ್ತಿ ಏರಕೂಡದು. ಪೊಟ್ಯಾಷಿಯಂ ಕೂಡ ಏರಕೂಡದು. ನೋವಿನ ಮಾತ್ರೆ ಮಾತ್ರ ನನ್ನ ಕೇಳದೆ ತಗೋಬೇಡಿ” ಎಂದು ಎಚ್ಚರಿಸಿ ರಕ್ತ ಪರೀಕ್ಷೆಗೆ ಬರೆದರು. ಆಕೆ ಡ್ಯೂಟಿಗೆ ಹೋಗುವ ದಾರಿಯಲ್ಲಿ ರಕ್ತ ಕೊಟ್ಟು ಹೋದಳು. ವಾರವಿಡೀ ಆ ಔಷಧಗಳೇ ಹೊಟ್ಟೆಗೆ ಬಿದ್ದಿರಲಿಲ್ಲ. ವರದಿ ಶಾಂತವಾಗಿ ಬಂತು. “ನೋಡಿ, ನಿಮ್ಮ ಕಿಡ್ನಿ ತಡ್ಕೊಂಡಿದೆ” ಎಂದು ಡಾಕ್ಟರು ಸಂತೋಷಪಟ್ಟರು. ಆಕೆಗೂ ಸಂತೋಷವಾಯಿತು. ಅಣ್ಣನ ಮಂಚ ತನಗಿಲ್ಲ.

ಒಂದು ಬೇಸಿಗೆಯ ಸಂಜೆ ಬಸ್ಸಿನ ಮೆಟ್ಟಿಲು ತಪ್ಪಿ ಆಕೆಯ ಕಾಲು ಹೊರಳಿತು. ಹಿಮ್ಮಡಿಯ ಮೇಲಿನ ಗಂಟು ಊದಿ ಬದನೆಕಾಯಿಯಾಯಿತು. ಬ್ರೇಕಣ್ಣ ಪ್ರಯಾಣಿಕರನ್ನೆಲ್ಲ ಇಳಿಸಿ ಆಕೆಯನ್ನು ಆಟೋಗೆ ಹತ್ತಿಸಿದ. “ಇವತ್ತು ನಾನು ಬ್ರೇಕ್ ಹಾಕಿಲ್ಲ ತಾಯಿ, ಎಲ್ಲರ ಮುಂದೆ ಹೇಳ್ಬಿಡು” ಎಂದ. ನೋವಿನಲ್ಲೂ ಆಕೆಗೆ ನಗು ಬಂತು. ಮೂಳೆ ಮುರಿದಿರಲಿಲ್ಲ. ಮೂರು ವಾರ ಕಾಲು ಊರಬಾರದು ಎಂದರು.

ಆಕೆಯ ಗಂಡನಿಗೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯ ತುಂಬ ಕಟ್ಟಿನ ಮೂಲೆ ತುಂಡುಗಳು, ಮೇಜಿನ ಮೇಲೆ ಗಾಜು ಕೊಯ್ಯುವ ವಜ್ರದ ಮೊನೆ, ಮರದ ಹುಡಿ, ಅಂಟಿನ ವಾಸನೆ. ಮಾತು ಕಡಿಮೆ, ಅಳತೆ ಜಾಸ್ತಿ. ಒಂದು ಕೂದಲಷ್ಟು ಸಂದು ಬಿಟ್ಟರೂ ಕಟ್ಟನ್ನು ಬಿಚ್ಚಿ ಮತ್ತೆ ಜೋಡಿಸುವವನು. ಹೆಂಡತಿ ಮನೆಯಲ್ಲಿ ಕೂತದ್ದೇ ತಡ, ಅವನು ಆಕೆಯ ಔಷಧದ ಚೀಟಿ ಕೇಳಿ ತೆಗೆದುಕೊಂಡ. ಮೊಳೆಗಳನ್ನು ಗಾತ್ರವಾರು ಇಡುವ ತನ್ನ ಮರದ ಪೆಟ್ಟಿಗೆಯೊಂದನ್ನು ಖಾಲಿ ಮಾಡಿ, ಒರೆಸಿ, ಒಂದೊಂದು ಖಾನೆಗೂ ಆಯಾ ದಿನದ ಮಾತ್ರೆ ತುಂಬಿದ.

“ಇನ್ನು ನಿನ್ನ ಕೈಗೆ ಕೊಡಲ್ಲ ಇವಳೇ. ನಾನೇ ಕೊಡ್ತೀನಿ. ಆ ಮೊಂಡು ಬಿಪಿ ಅದು ಹೇಗೆ ಬಗ್ಗಲ್ಲ, ನೋಡೇಬಿಡ್ತೀನಿ.”

“ನನಗೆ ಎಂಬತ್ತಾಯ್ತು, ಒಂದು ಗುಳಿಗೆ ರುಚಿ ನೋಡಿದವಳಲ್ಲ” ಎಂದು ಒಳಗಿನಿಂದ ಅತ್ತೆಯ ದನಿ ಬಂತು. “ಇವಳಿಗೆ ನಾಷ್ಟಾದ ಹಾಗೆ ತಟ್ಟೆ ತುಂಬ ಗುಳಿಗೆ!”

“ನಿಮಗ್ಯಾಕೆ ಬಿಪಿ ಬರುತ್ತೆ ಅತ್ತೆ? ನೀವು ಬೇರೆಯವರಿಗೆ ಬರಿಸೋರು.”

“ಕೇಳಿಸ್ಕೊಂಡ್ಯಾ ಮಗನೇ, ಕಾಲು ಮುರಿದ್ರೂ ನಾಲಿಗೆ ಮುರಿದಿಲ್ಲ!”

ಆ ಹೊತ್ತಿಗೆ ಆಕೆ ಗಂಡನಿಗೆ ನಿಜ ಹೇಳಬಹುದಿತ್ತು. ಹೇಳಬೇಕು ಎಂದೂ ಅನ್ನಿಸಿತು. ಆದರೆ ಬೇರೆ ಯೋಚನೆಯೊಂದು ಅಡ್ಡ ಬಂತು. ಬಚ್ಚಲು ಹತ್ತು ಹೆಜ್ಜೆಯಲ್ಲಿದೆ. ಇಷ್ಟು ದಿನ ಕದ್ದದ್ದನ್ನು ಈಗ ಸರಿಮಾಡಿಬಿಡೋಣ, ಮೂರು ವಾರ ಡಾಕ್ಟರು ಬರೆದ ಹಾಗೇ ನುಂಗೋಣ, ಬಿಪಿ ಇಳಿದರೆ ಸುಳ್ಳಿನ ಪಾಪವೂ ಇಳಿಯುತ್ತದೆ. ಹೀಗೆ ಯೋಚಿಸಿ ಬಾಯಿ ತೆರೆದು ಗುಳಿಗೆ ನುಂಗಿದಳು. ದಿನದಿನವೂ, ಏರಿಸಿ ಏರಿಸಿ ಬರೆದ ಪ್ರಮಾಣದಲ್ಲಿ, ನಾಲ್ಕೂ ಔಷಧಗಳನ್ನು ಆಕೆಯ ದೇಹ ಕಂಡದ್ದು ಅದೇ ಮೊದಲು. ಜೊತೆಗೆ ಕಾಲಿನ ನೋವಿಗೆ ಮೂಲೆ ಅಂಗಡಿಯಿಂದ ತಂದ ನೋವಿನ ಮಾತ್ರೆ. ಡಾಕ್ಟರು ಬೇಡವೆಂದದ್ದು ನೆನಪಿತ್ತು. ಕಾಲಿಗೆ ತಾನೇ, ಎರಡು ದಿನಕ್ಕೆ ತಾನೇ ಎಂದುಕೊಂಡಳು. ಎರಡು ದಿನ ಹತ್ತು ದಿನವಾಯಿತು. ನೀರು ಕುಡಿಯುವ ಅಭ್ಯಾಸವಂತೂ ಎಂದೋ ತಪ್ಪಿಹೋಗಿತ್ತು. ಬಾಯಾರಿಕೆ ಎಂಬುದೇ ಆಕೆಗೆ ಸರಿಯಾಗಿ ತಿಳಿಯುತ್ತಿರಲಿಲ್ಲ.

ಮದುವೆಯಾಗಿ ಪಕ್ಕದ ಬೀದಿಯಲ್ಲಿದ್ದ ಮಗಳು ತನ್ನ ಮನೆಯ ಬಿಪಿ ಮಷೀನು ತಂದುಕೊಟ್ಟಳು. ಮೊದಲ ವಾರ ಮುಗಿಯುವುದರೊಳಗೆ ಬಿಪಿ ಇಳಿಯಿತು. ವರ್ಷಗಳಿಂದ ಕಾಣದ ಅಂಕಿ. ಗಂಡ ಮಷೀನನ್ನು ಅಂಗಡಿಗೆ ಬಂದ ಗಿರಾಕಿಗೂ ತೋರಿಸಿದ. “ಔಷಧ ಕೊಡೋದಕ್ಕೂ ಕೈಗುಣ ಬೇಕು” ಎಂದು ಅಪರೂಪಕ್ಕೆ ಜಂಬ ಕೊಚ್ಚಿಕೊಂಡ. ಆಕೆ ಅವನ ಸಂತೋಷ ನೋಡುತ್ತ ಮಲಗಿದ್ದಳು. ಇಷ್ಟು ಸುಲಭವಿತ್ತೇ ಎನ್ನಿಸಿತು.

ಬಿಪಿ ಇನ್ನೂ ಇಳಿಯಿತು. ಎದ್ದು ಕೂತರೆ ಕಣ್ಣು ಕತ್ತಲೆ. ಅದರ ಮೇಲೆ ಹೊಟ್ಟೆ ಕೆಟ್ಟು ಎರಡು ದಿನ ಭೇದಿ. ತಿಂದದ್ದು ನಿಲ್ಲಲಿಲ್ಲ. ಗಂಡ ಗಂಜಿಯ ಬಟ್ಟಲಿನ ಜೊತೆ ಮೊಳೆಪೆಟ್ಟಿಗೆಯನ್ನೂ ತಂದ.

“ಇವತ್ತೊಂದಿನ ಬಿಡೋಣ ರೀ, ಮೈಯಲ್ಲಿ ತ್ರಾಣವೇ ಇಲ್ಲ.”

“ಹುಷಾರಿಲ್ಲದಾಗಲೇ ಅಲ್ವೇನೇ ಔಷಧ ತಗೋಬೇಕಾದ್ದು? ಹುಷಾರಿದ್ದಾಗ ಯಾರು ತಗೋತಾರೆ? ಬಾಯಿ ತೆರಿ.”

ಆಕೆ ತೆರೆದಳು. ಅವನು ಮಗುವಿಗೆ ಕೊಟ್ಟ ಹಾಗೆ ಒಂದೊಂದನ್ನೇ ನಾಲಿಗೆಯ ಮೇಲಿಟ್ಟ.

ಬಚ್ಚಲಿಗೆ ಹೋಗುವುದು ಕಡಿಮೆಯಾಗುತ್ತ ಬಂದದ್ದನ್ನು ಆಕೆ ಗಮನಿಸಿದ್ದಳು. ಆದರೆ ಅದು ಆಕೆಗೆ ತೊಂದರೆ ಎನ್ನಿಸಲಿಲ್ಲ. ಜೀವಮಾನವಿಡೀ ಬೇಡಿಕೊಂಡದ್ದು ಅದನ್ನೇ ಅಲ್ಲವೆ? ಒಂದು ದಿನ ಪೂರ್ತಿ ಹೋಗಲೇ ಇಲ್ಲ. ಮುಖ ಊದಿತು, ಮಾತು ತೊದಲಿತು, ಕೈಕಾಲು ಸೀಸದ ಹಾಗೆ ಭಾರವಾಯಿತು. ಅತ್ತೆ ಬಂದು ಹಣೆ ಮುಟ್ಟಿ ನೋಡಿ, ಮಗನ ಕಡೆ ತಿರುಗಿದರು. ತಮಾಷೆಯ ದನಿ ಇರಲಿಲ್ಲ. “ಮಗಾ, ಇವಳನ್ನ ಈಗಲೇ ಎತ್ಕೊಂಡು ಹೋಗು.”

ದೊಡ್ಡಾಸ್ಪತ್ರೆಯಲ್ಲಿ ರಕ್ತ ನೋಡಿದವರು ಓಡಾಡತೊಡಗಿದರು. ಪೊಟ್ಯಾಷಿಯಂ ಎದೆ ನಿಲ್ಲಿಸುವಷ್ಟು ಏರಿತ್ತು. ಮೂತ್ರಪಿಂಡ ಕೈಚೆಲ್ಲಿ ಕೂತಿತ್ತು. ಕುತ್ತಿಗೆಯ ಬಳಿ ಕೊಳವೆ ಹಾಕಿ, ಆಕೆ ಯಾವುದಕ್ಕೆ ಹೆದರಿದ್ದಳೋ ಅದೇ ಮಂಚದ ಮೇಲೆ, ಅದೇ ಮಷೀನಿನ ಪಕ್ಕ ಮಲಗಿಸಿದರು. ಪ್ರಜ್ಞೆ ತಿಳಿಯಾದಾಗ ಪಕ್ಕದಲ್ಲಿ ಚಕ್ರ ತಿರುಗುವ ಸದ್ದು ಕೇಳಿತು. ಕೊಳವೆಯಲ್ಲಿ ಹೋಗುತ್ತಿದ್ದದ್ದು ತನ್ನದೇ ರಕ್ತ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಣ್ಣು ಮುಚ್ಚಿಕೊಂಡಳು.

ಮೂತ್ರಪಿಂಡದ ವಿಭಾಗದ ಡಾಕ್ಟರಮ್ಮ ನಡುವಯಸ್ಸಿನವರು. ಮೆಲ್ಲಗೆ ಮಾತಾಡುವವರು. ಮಾರನೆಯ ದಿನ ಚೀಟಿಗಳನ್ನೆಲ್ಲ ಹರಡಿಕೊಂಡು ಮಂಚದ ಪಕ್ಕ ಕೂತರು.

“ಇದೇ ಔಷಧ ಒಂದು ವರ್ಷದಿಂದ ಇದೆ. ರಿಪೋರ್ಟ್ ಚೆನ್ನಾಗಿದ್ದವು. ಭೇದಿ ಆಯ್ತು, ನೋವಿನ ಮಾತ್ರೆ ಆಯ್ತು, ಸರಿ. ಆದ್ರೂ ಇಷ್ಟು ಬೇಗ ಇಷ್ಟೊಂದು ಬಿದ್ದಿದೆ ಅಂದ್ರೆ ಕಿಡ್ನಿಗೆ ಹೋಗೋ ರಕ್ತನಾಳವೇ ಕಿರಿದಾಗಿದೆಯೇನೋ ಅಂತ ಅನುಮಾನ. ಬಣ್ಣದ ಔಷಧ ಚುಚ್ಚಿ ಸ್ಕ್ಯಾನ್ ಮಾಡಬೇಕಾಗಬಹುದು. ಈ ಸ್ಥಿತಿಯಲ್ಲಿ ಅದೂ ಕಿಡ್ನಿಗೆ ಪೆಟ್ಟೇ. ಬೇರೆ ದಾರಿ ಕಾಣ್ತಿಲ್ಲ.” ಗಂಡನ ಕಡೆ ತಿರುಗಿದರು. “ಮಾತ್ರೆ ಸರಿಯಾಗಿ ತಗೊಳ್ತಿದ್ರಾ ಇವರು?”

“ಒಂದೂ ತಪ್ಪಿಸಿಲ್ಲ ಡಾಕ್ಟ್ರೇ. ನಾನೇ ಕೊಟ್ಟಿದ್ದು, ನನ್ನ ಕೈಯಾರೆ.” ಅವನು ಮೊಳೆಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದ. ಅದನ್ನು ತೆರೆದು ತೋರಿಸಿದ. “ತಪ್ಪು ಆ ಕ್ಲಿನಿಕ್ಕಿನ ಹುಡುಗನದು. ಆನೆಗೆ ಕೊಡೋ ಔಷಧ ಇವಳಿಗೆ ಕೊಟ್ಟಿದ್ದಾನೆ. ಕಿಡ್ನಿ ಕಾಯುತ್ತೆ ಅಂದ. ಬೇಲಿಯೇ ಎದ್ದು ಹೊಲ ಮೇಯ್ತು! ನಾನು ಈಗಲೇ ಹೋಗಿ ಅವನ ಕೊರಳಪಟ್ಟಿ ಹಿಡೀತೀನಿ.”

ಜಗಳವನ್ನೇ ಅರಿಯದ ಮನುಷ್ಯ ಚೀಲ ಹೆಗಲಿಗೇರಿಸಿ ಎದ್ದು ನಿಂತುಬಿಟ್ಟ. ಕಂಡಕ್ಟರಮ್ಮನಿಗೆ ಆ ಚಿಕ್ಕ ಡಾಕ್ಟರರ ಮುಖ ಕಣ್ಣಿಗೆ ಬಂತು. ವರದಿ ಹಿಡಿದು ನಕ್ಕಿದ್ದ ಮುಖ.

“ರೀ, ಕೂತ್ಕೊಳ್ಳಿ.”

“ನೀನು ಸುಮ್ಮನಿರು.”

“ಕೂತ್ಕೊಳ್ಳಿ ಅಂದ್ನಲ್ಲ. ಆ ಹುಡುಗನ ತಪ್ಪಿಲ್ಲ. ನಾನು ತಗೊಳ್ತಾನೇ ಇರಲಿಲ್ಲ.”

ಮಿಕ್ಕದ್ದನ್ನು ಆಕೆ ಡಾಕ್ಟರಮ್ಮನಿಗೆ ಹೇಳಿದಳು, ಗಂಡನ ಕಡೆ ನೋಡದೆ. ಲಾರಿ ಅಡ್ಡ ನಿಂತದ್ದು, ಪೆಟ್ರೋಲ್ ಬಂಕು, ಮೆಮೊ, ಗುಮಾಸ್ತ ಓದಿದ್ದು, ರಜೆಯ ದಿನ, ಡ್ಯೂಟಿ ವಾರದಲ್ಲಿ ಕೊಟ್ಟ ರಕ್ತ. ಡಾಕ್ಟರಮ್ಮ ಮಧ್ಯೆ ಬಾಯಿ ಹಾಕಲಿಲ್ಲ. ಕೇಳಿ ಮುಗಿದ ಮೇಲೆ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ಹಾಗಾದ್ರೆ ಇದು ರಕ್ತನಾಳದ ತೊಂದರೆ ಅಲ್ಲ, ಎಲ್ಲ ಔಷಧ ಒಮ್ಮೆಲೇ ಬಿದ್ದದ್ದು. ಸ್ಕ್ಯಾನ್ ಬೇಡ, ಸದ್ಯಕ್ಕೆ. ಒಳ್ಳೆಯದಾಯ್ತು ಹೇಳಿದ್ದು.” ಆಮೇಲೆ ವಿವರಿಸಿದರು. “ಟ್ಯಾಂಕ್ ಇದ್ದ ಹಾಗೆ ಅಂದ್ಕೊಳ್ಳಿ. ಕಿಡ್ನಿ ಸೋಸಬೇಕು ಅಂದ್ರೆ ಒಳಗೆ ಒತ್ತಡ ಬೇಕು. ನೀರಿನ ಮಾತ್ರೆ, ಭೇದಿ, ನೀರು ಕುಡಿಯದೇ ಇರೋದು, ಇವು ಟ್ಯಾಂಕಿಗೆ ಬರೋ ನೀರನ್ನ ಕಮ್ಮಿ ಮಾಡಿದವು. ನೋವಿನ ಮಾತ್ರೆ ಬರೋ ಪೈಪನ್ನೇ ಹಿಸುಕ್ತು. ಕಿಡ್ನಿ ಕಾಯೋ ಔಷಧ ಹೋಗೋ ಪೈಪನ್ನ ಸಡಿಲ ಮಾಡುತ್ತೆ. ಬೇರೆ ದಿನ ಅದು ಒಳ್ಳೆಯದೇ. ಎಲ್ಲ ಒಟ್ಟಿಗೆ ಬಂದ ದಿನ ಒಳಗೆ ಒತ್ತಡವೇ ಉಳಿಯಲಿಲ್ಲ. ಕಾಯೋಕೆ ಬಂದವನಿಗೂ ಕೆಲಸ ಕೆಟ್ಟಿತು. ಭೇದಿ ಆದ ದಿನ ಆ ಮಾತ್ರೆಗಳನ್ನ ನಿಲ್ಲಿಸಿ ಫೋನ್ ಮಾಡಬೇಕಿತ್ತು.”

“ನಾನು ಬಾಯಿ ತೆರಿ ಅಂದೆ” ಎಂದ ಗಂಡ, ಯಾರಿಗೂ ಅಲ್ಲ ಎಂಬಂತೆ.

ಡಾಕ್ಟರಮ್ಮ ಹೋದ ಮೇಲೆ ಅವನು ಪೆಟ್ಟಿಗೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಉಳಿದ ಮಾತ್ರೆಗಳನ್ನು ಒಂದೊಂದಾಗಿ ಹೊರಗೆ ತೆಗೆದ. ಬೈಯುತ್ತಾನೆಂದು ಆಕೆ ಕಾದಳು. ಬೈದಿದ್ದರೆ ಚೆನ್ನಾಗಿತ್ತು.

“ಬಸ್ಸಲ್ಲಿ ಗುರುತು ಪರಿಚಯ ಇಲ್ಲದವರ ಹತ್ತಿರವೆಲ್ಲ ಬಾಯಿ ಬಿಡ್ತೀಯ” ಎಂದ ಕೊನೆಗೆ. “ನನ್ನ ಹತ್ತಿರ ಈ ಒಂದು ಮಾತು ಬರಲಿಲ್ವಾ?”

“ನಾಚಿಕೆ ಆಯ್ತು ರೀ.”

“ನನ್ನ ಹತ್ತಿರ?”

ಆಕೆ ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡಳು.

ಕೆಲವು ದಿನಗಳಲ್ಲಿ ಮೂತ್ರ ಹನಿಹನಿಯಾಗಿ ಬಂತು, ಆಮೇಲೆ ಸರಿಯಾಗಿಯೇ ಬಂತು. ಅತ್ತೆ ಫೋನಿನಲ್ಲಿ ಅದನ್ನು ಕೇಳಿ, “ಇಷ್ಟು ವಯಸ್ಸಿಗೆ ಇಂಥ ಸುದ್ದಿಗೆ ಸಂತೋಷ ಪಡೋ ಕಾಲ ಬಂತಲ್ಲಪ್ಪಾ” ಎಂದು ಅತ್ತರು. ಕುತ್ತಿಗೆಯ ಕೊಳವೆ ತೆಗೆದರು. ಆದರೆ ಡಾಕ್ಟರಮ್ಮನ ಮುಖ ಪೂರ್ತಿ ಅರಳಲಿಲ್ಲ. ಮೂತ್ರಪಿಂಡ ಮೇಲಕ್ಕೆದ್ದಿತು, ಮೊದಲಿದ್ದಲ್ಲಿಗೆ ಹೋಗಲಿಲ್ಲ. ಔಷಧ ಸಿಗದೆ ಏರಿಯೇ ಇದ್ದ ಬಿಪಿ ಅದನ್ನು ಒಳಗೊಳಗೆ ಮೊದಲೇ ಕೊರೆದಿತ್ತು. ಈ ಸಲದ ಪೆಟ್ಟು ಬಿದ್ದದ್ದು ಆಗಲೇ ಟೊಳ್ಳಾಗಿದ್ದ ಮರಕ್ಕೆ.

ಈಗ ಔಷಧದ ಕಥೆ ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು. ಬಿಪಿ ಮತ್ತೆ ಏರಿತು. ಇಳಿಸದಿದ್ದರೆ ಉಳಿದ ಮೂತ್ರಪಿಂಡವೂ ಹೋಗುತ್ತದೆ. ಇಳಿಸುವ ಔಷಧ ಕೊಂಚ ಹೆಚ್ಚಾದರೆ ಪೊಟ್ಯಾಷಿಯಂ ಏರುತ್ತದೆ. ಕಾಯುವ ಔಷಧವನ್ನು ಚೂರು ಚೂರಾಗಿ ಶುರುಮಾಡುವುದು, ರಕ್ತ ನೋಡುವುದು, ನಿಲ್ಲಿಸುವುದು, ಮತ್ತೆ ಶುರುಮಾಡುವುದು. ನೀರನ್ನು ಅಳತೆಯಂತೆ ಕುಡಿಯಬೇಕು, ಕಡಿಮೆಯೂ ಆಗಕೂಡದು, ಹೆಚ್ಚೂ ಆಗಕೂಡದು. ಬೇಕೆಂದಾಗ ಬಚ್ಚಲು ಇರಬೇಕು. ಅಂದರೆ ಬಸ್ಸು ಮುಗಿಯಿತು.

ಡಿಪೋದ ಮ್ಯಾನೇಜರು ಒಳ್ಳೆಯ ಮಾತಿನಲ್ಲೇ ಆಕೆಯನ್ನು ಬಸ್ಸಿನಿಂದ ಇಳಿಸಿದರು. ಟಿಕೆಟ್ ಮಷೀನುಗಳನ್ನು ಚಾರ್ಜಿಗೆ ಹಾಕಿ ಬೆಳಿಗ್ಗೆ ಹಂಚುವ ಕೋಣೆಯಲ್ಲಿ ಕೂತು ಮಾಡುವ ಕೆಲಸ ಕೊಟ್ಟರು.

“ಸಾರ್, ಆ ಕೊನೆ ಸ್ಟಾಪಿನಲ್ಲಿ ಹೆಂಗಸರಿಗೆ ಒಂದು ಸಣ್ಣ ಕಟ್ಟಡ...”

“ಬರೆದುಕೊಡಿ ಅಮ್ಮ, ಮೇಲಕ್ಕೆ ಕಳಿಸ್ತೀನಿ. ಆ ಜಾಗ ನಮ್ಮದಲ್ಲ, ಅದೇ ತೊಂದರೆ.”

ಆಕೆ ಬರೆದುಕೊಟ್ಟಳು. ಅದು ಮೇಲಕ್ಕೆ ಹೋಯಿತು. ಮತ್ತೆ ಕೆಳಕ್ಕೆ ಬರಲಿಲ್ಲ.

ಮಷೀನು ಕೋಣೆಗೆ ಕಿಟಕಿಯಿಲ್ಲ, ಒಂದು ಕಿಂಡಿಯಿದೆ. ಅದರಾಚೆ ಹೆಣ್ಣುಮಕ್ಕಳು ಸಾಲು ನಿಲ್ಲುತ್ತಾರೆ. ಆಕೆ ಒಬ್ಬೊಬ್ಬಳಿಗೂ ಹೇಳುತ್ತಾಳೆ, “ನೀರು ಕುಡೀರೇ. ನಾನು ಮೊದಲು ಹೇಳಿದ್ದೆಲ್ಲ ಸುಳ್ಳು ಅಂತ ತಿಳ್ಕೊಳ್ಳಿ. ಕುಡೀರಿ.” ಅವರು ಆಕೆಯ ಊದಿದ ಕಣ್ಣುಗಳನ್ನು ನೋಡುತ್ತಾರೆ, ತಲೆಯಾಡಿಸುತ್ತಾರೆ. ಅವರಲ್ಲೊಬ್ಬಳು, ಈಚೆಗೆ ಸೇರಿದವಳು, ಬಾಯಲ್ಲಿ ಏಲಕ್ಕಿ ಇಟ್ಟುಕೊಂಡೇ ಕೇಳಿದಳು, “ಕುಡಿದು ಎಲ್ಲಿಗೆ ಹೋಗೋದು ದೊಡ್ಡಕ್ಕ?”

ಆಕೆ ಮಷೀನನ್ನು ಕಿಂಡಿಯಿಂದಾಚೆ ತಳ್ಳಿದಳು. ಹೊರಗೆ ಬ್ರೇಕಣ್ಣ ಹಾರ್ನು ಒತ್ತುತ್ತಿದ್ದ. ಅವನ ಬಸ್ಸಿಗೆ ಈಗ ಬೇರೆ ಕಂಡಕ್ಟರು. ಒಮ್ಮೆ ಕಿಂಡಿಯ ಹತ್ತಿರ ಬಂದು, “ಹೊಸಬ ಸೀಟಿನೇ ಊದಲ್ಲ ತಾಯಿ, ಬಾಗಿಲು ಬಡೀತಾನೆ. ನನಗೆ ಬಸ್ಸು ಓಡಿಸೋದೇ ಮರೆತುಹೋಗ್ತಿದೆ” ಎಂದ. ಆಕೆ ನಗಲು ನೋಡಿದಳು.

ಚಳಿ ಶುರುವಾಗುವ ಹೊತ್ತಿಗೆ ಮತ್ತೆ ತೋರಿಸಲು ಹೋದರು. ಡಾಕ್ಟರಮ್ಮ ವರದಿ ನೋಡಿ ಕ್ರಿಯಾಟಿನಿನ್ ಇನ್ನೂ ಸ್ವಲ್ಪ ಏರಿದೆ ಎಂದರು. ಔಷಧದ ಪ್ರಮಾಣ ಬದಲಿಸಿದರು. ಮತ್ತೊಂದು ಪರೀಕ್ಷೆಗೆ ಬರೆದರು. ಬರೆಯುತ್ತಲೇ, ತಲೆಯೆತ್ತದೆ, ಹೇಳಿದರು.

“ಇನ್ನು ಮುಂದೆ ಎಡಗೈಯಿಂದ ರಕ್ತ ತೆಗೆಸ್ಕೋಬೇಡಿ. ಸೂಜಿಯೂ ಬೇಡ, ಬಿಪಿ ಪಟ್ಟಿಯೂ ಆ ಕೈಗೆ ಬೇಡ.”

“ಯಾಕೆ ಡಾಕ್ಟ್ರೇ, ಆ ಕೈಗೆ ಏನಾಗಿದೆ?”

“ಏನೂ ಆಗಿಲ್ಲ. ಏನೂ ಆಗದ ಹಾಗೆ ಇರಲಿ ಅಂತ. ಮುಂದೆ ಡಯಾಲಿಸಿಸ್ ಬೇಕಾಗಿ ಬಂದ್ರೆ ಮಷೀನಿಗೆ ರಕ್ತ ಹೋಗಿ ಬರೋಕೆ ಆ ಕೈಯ ನರದಲ್ಲೇ ದಾರಿ ಮಾಡ್ಬೇಕು.”

“ಬಂದ್ರೆ ಅಂದ್ರೆ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಈ ವರ್ಷ ಬರದ ಹಾಗೆ ನೋಡ್ಕೊಳ್ಳೋಣ. ಅದರಾಚೆಗೆ ನಾನು ಮಾತು ಕೊಡಲ್ಲ ಅಮ್ಮ.”

ಗಂಡ ಚೀಟಿಗಳನ್ನು ಮಡಿಸಿ ಜೇಬಿಗಿಟ್ಟ. ಆಕೆ ಕುರ್ಚಿಯ ಕೈ ಹಿಡಿದು ಎದ್ದಳು. ಮೆಟ್ಟಿಲು ಇಳಿದು ಪ್ರಯೋಗಾಲಯದ ಸಾಲಿನಲ್ಲಿ ಕೂತರು. ಸರದಿ ಬಂದಾಗ ಒಳಗಿದ್ದ ಹುಡುಗಿ ಆಕೆಯ ಎಡ ತೋಳಿಗೇ ರಬ್ಬರು ಕಟ್ಟಿ, ಬೆರಳಿನಿಂದ ತಟ್ಟಿ ನೋಡಿದಳು.

“ನರ ಎಷ್ಟು ಚೆನ್ನಾಗಿದೆ ಅಮ್ಮ ನಿಮಗೆ. ಹಗ್ಗದ ಹಾಗಿದೆ.”

“ಅದು ಬೇಡಮ್ಮ” ಎಂದು ಆಕೆ ರಬ್ಬರು ಬಿಚ್ಚಿಕೊಟ್ಟಳು. “ಅದನ್ನ ಎತ್ತಿಟ್ಟಿದ್ದೀನಿ.”

ಬಲಗೈ ಚಾಚಿದಳು. ಆಸ್ಪತ್ರೆಯಲ್ಲಿ ಚುಚ್ಚಿ ಚುಚ್ಚಿ ಆ ಕೈಯ ನರ ಒಳಗೆ ಸೇರಿಹೋಗಿತ್ತು. ಹುಡುಗಿ ಒಮ್ಮೆ ಚುಚ್ಚಿದಳು, ಸಿಗಲಿಲ್ಲ. ಕ್ಷಮೆ ಕೇಳಿ ಮತ್ತೆ ಹುಡುಕಿದಳು. ಗಂಡ ಮುಖ ತಿರುಗಿಸಿಕೊಂಡ. ಆಕೆ ಎಡಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು, ಸೂಜಿ ಬರುವುದನ್ನೇ ನೋಡುತ್ತ ಕೂತಳು.